ಹೆಸರು ಕೇಳದ ಸೂಜಿ

ನರ್ಸಿಂಗ್ ಶಾಲೆಯ ಪ್ರಾಕ್ಟಿಕಲ್ ಕೋಣೆಯ ಮಂಚದ ಮೇಲೆ ರಬ್ಬರಿನ ಗೊಂಬೆಯೊಂದು ಸದಾ ಮಲಗಿರುತ್ತದೆ. ಸೂಜಿ ಚುಚ್ಚುವ ಮುಂಚೆ ಅದರ ಹೆಸರು ಕೇಳಬೇಕು, ಕೈಗೆ ಕಟ್ಟಿದ ಪಟ್ಟಿ ಓದಬೇಕು. ಇದು ಸಿಸ್ಟರಮ್ಮನ ಕಟ್ಟಪ್ಪಣೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ಸವೆದು ಪಾಠ ಹೇಳಲು ಬಂದವರು ಅವರು. ಒಬ್ಬರ ಔಷಧಿ ಪಕ್ಕದ ಮಂಚದವರ ಮೈ ಸೇರಿದ್ದನ್ನು ಕಣ್ಣಾರೆ ಕಂಡವರು.

ಅವತ್ತು ಕಡೆಯ ಪರೀಕ್ಷೆ. ಪಾಸಾದವರು ಸೋಮವಾರದಿಂದ ನಿಜವಾದ ರೋಗಿಗಳ ಹತ್ತಿರ. ಗೆಳತಿಯರು ‘ಸಿಡಿಲು’ ಎಂದು ಕರೆಯುತ್ತಿದ್ದ ಎತ್ತರದ ಹುಡುಗಿ ಬಂದವಳೇ ಸೀದಾ ಸೂಜಿ ಚುಚ್ಚಿದಳು.

“ಹೆಸರು ಕೇಳಲಿಲ್ವಲ್ಲಮ್ಮ?”

“ಕೇಳಿದ್ರೆ ಗೊಂಬೆ ಹೇಳುತ್ತಾ ಮೇಡಂ? ಹೇಳಿದ್ರೆ ಮೊದಲು ಓಡೋದು ನೀವೇ.”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಸುಳ್ಳು ಯಾಕೆ, ಸಿಸ್ಟರಮ್ಮನಿಗೂ ನಗು ಬಂತು. ನಗುತ್ತಲೇ, ಇನ್ನೊಂದು ಸಲ ಮಾಡು, ಈ ಸಲದ್ದು ಫೇಲು ಎಂದರು. ಹುಡುಗಿಯ ಮುಖ ಕೆಂಪೇರಿತು. ನನ್ನನ್ನೇ ಹುಡುಕಿ ಹುಡುಕಿ ಹಿಡಿಯುತ್ತೀರಿ ಎಂದಳು, ಮುದುಕಿ ಎಂದಳು, ಬಾಯಿಗೆ ಬಂದದ್ದೆಲ್ಲ ಅಂದಳು. ಕೊನೆಗೆ ಸ್ಟೀಲಿನ ಟ್ರೇ ಎತ್ತಿ ಬೀಸಿದಳು. ಅಂಚು ಸಿಸ್ಟರಮ್ಮನ ಹುಬ್ಬು ಸೀಳಿತು. ಶುಶ್ರೂಷೆ ಕಲಿಯಲು ಬಂದ ಇಪ್ಪತ್ತೆಂಟು ಮಂದಿಯಲ್ಲಿ ಒಬ್ಬಳೂ ಒಂದು ಚೂರು ಹತ್ತಿ ಕೊಡಲಿಲ್ಲ. ನಾಲ್ಕಾರು ಜನರ ಕೈಯಲ್ಲಿ ಮೊಬೈಲು ಇತ್ತು.

ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿ, ನೀರು ಕುಡಿಸಿ, ನೀವು ಅವಳಿಗೆ ಏನಂದಿರಿ ಎಂದು ಮತ್ತೆ ಮತ್ತೆ ಕೇಳಿದರು. ಹುಡುಗಿಯರು ತೆಗೆದ ವಿಡಿಯೋದಲ್ಲಿ ಟ್ರೇ ಇಲ್ಲ, ನಿಮ್ಮ ನಗು ಮಾತ್ರ ಇದೆ. ಮಗಳನ್ನು ಎಲ್ಲರೆದುರು ಹೀಯಾಳಿಸಿದರೆಂದು ಅವಳಪ್ಪ ದೂರು ತಂದಿದ್ದಾರೆ. ವಿಚಾರಣೆಯಾದರೆ ಅದು ನಿಮ್ಮ ಮೇಲೆಯೇ ಎಂದರು. ಆಮೇಲೆ ಅಂಕಪಟ್ಟಿ ಮುಂದಿಟ್ಟರು.

“ಪಾಸ್ ಅಂತ ಸಹಿ ಹಾಕಿಬಿಡಿ ಸಿಸ್ಟರ್. ವಾರ್ಡಿಗೆ ಹೋದ್ರೆ ತಾನಾಗೇ ಕಲೀತಾಳೆ.”

“ಯಾರ ಮೈಮೇಲೆ ಕಲೀತಾಳೆ ಸರ್?”

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಸಿಸ್ಟರಮ್ಮ ಪೆನ್ನು ತೆಗೆದುಕೊಂಡರು. ಸಹಿ ಹಾಕಿದರು.

ಅಲ್ಲಿಂದ ಪ್ರಾಕ್ಟಿಕಲ್ ಕೋಣೆಗೆ ಬಂದರೆ ಪರೀಕ್ಷೆಗೆ ಇನ್ನೂ ಹನ್ನೊಂದು ಮಂದಿ ಬಾಕಿಯಿದ್ದರು. ಮುಂದಿನವಳು ಪಾಪದ ಹುಡುಗಿ, ಗಟ್ಟಿಯಾಗಿ ಉಸಿರೂ ಬಿಡದವಳು. ಸಿರಿಂಜಿನೊಳಗೆ ಔಷಧಿಯನ್ನು ಹೇಳಿದ್ದರ ಎರಡರಷ್ಟು ಎಳೆದಳು. ಸಿಸ್ಟರಮ್ಮ ಅದನ್ನು ನೋಡಿದರು. ತಿದ್ದಲು ಕೈ ಎತ್ತುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಎರಡು ಮೊಬೈಲು ಮೇಲೆದ್ದವು.

“ಸರಿ ಇದ್ಯಾ ಮೇಡಂ?” ಹುಡುಗಿ ಕೇಳಿದಳು.

“ಸರಿ ಇದೆಯಮ್ಮ,” ಎಂದು ಸಿಸ್ಟರಮ್ಮ ಮುಂದಿನವಳನ್ನು ಕರೆದರು.