ಉಪ್ಪು ಮುಂದಾದ ಹುಗ್ಗಿ

ಧನುರ್ಮಾಸ ಬಂತೆಂದರೆ ಬೇಲೂರಿನ ಆಂಡಾಳಮ್ಮನವರ ಮನೆಯಲ್ಲಿ ಕಾಗೆ ಕೂಗುವ ಮೊದಲೇ ಒಲೆ ಉರಿಯುತ್ತಿತ್ತು. ಮಡಿಯುಟ್ಟು ಅಕ್ಕಿ, ಹೆಸರುಬೇಳೆ ಬೇಯಿಸಿ, ಮೆಣಸು ಜೀರಿಗೆಯನ್ನು ತುಪ್ಪದಲ್ಲಿ ಹುರಿದು ಹಾಕಿ, ಬೆಳಕು ಹರಿಯುವಷ್ಟರಲ್ಲಿ ಹುಗ್ಗಿ ದೇವರ ಮುಂದಿರಬೇಕು. ನೈವೇದ್ಯವಾಗುವ ಮೊದಲು ಯಾರೂ ರುಚಿ ನೋಡುವಂತಿಲ್ಲ, ಉಪ್ಪೆಲ್ಲ ಕೈಯಂದಾಜು. ನಲವತ್ತು ವರ್ಷಗಳಲ್ಲಿ ತಮ್ಮ ಅಂದಾಜು ಒಮ್ಮೆಯೂ ತಪ್ಪಿಲ್ಲವೆಂದು ಆಂಡಾಳಮ್ಮ ಹೇಳಿಕೊಳ್ಳುತ್ತಿದ್ದರು. ಮನೆಯವರು ಏನೂ ಹೇಳದೆ ಉಣ್ಣುತ್ತಿದ್ದರು.

೧೯೫೮ರಲ್ಲಿ ಆ ಕೆಲಸವನ್ನು ಅವರು ಹೊಸ ಸೊಸೆ ಯದುಗಿರಿಗೆ ಒಪ್ಪಿಸಿದರು. ಹೆಣ್ಣುಮಕ್ಕಳಿಲ್ಲದ ಆಕೆಗೆ ಈ ಹುಡುಗಿಯೆಂದರೆ ಪ್ರಾಣ; ದಿನವೂ ತಾವೇ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದರು. ಆರನೆಯ ದಿನ ಹುಗ್ಗಿಯ ಪಾತ್ರೆ ಇಳಿಸಿದ ಯದುಗಿರಿಯ ಕೆಳತುಟಿಯ ಅಂಚಿನಲ್ಲಿ ನೀರು ತುಂಬಿದ ನಾಲ್ಕೈದು ಗುಳ್ಳೆ ಎದ್ದಿದ್ದು ಆಂಡಾಳಮ್ಮನ ಕಣ್ಣಿಗೆ ಬಿತ್ತು. ನೈವೇದ್ಯವನ್ನು ಎಂಜಲು ಮಾಡಿದವರ ತುಟಿ ಸುಡುತ್ತದೆಂದು ಅವರ ಅತ್ತೆ ಹೇಳಿದ್ದರು. ಆ ಅತ್ತೆಗೆ ಅವರ ಅತ್ತೆ ಹೇಳಿದ್ದರಂತೆ.

"ನಿಜ ಹೇಳು ಕಣೇ, ರುಚಿ ನೋಡಿದೆಯಾ?"

"ಇಲ್ಲಮ್ಮ. ಚಳಿಗಾಲದಲ್ಲಿ ಮದುವೆಗೆ ಮುಂಚೇನೂ ಹೀಗೇ ಆಗ್ತಿತ್ತು."

"ಹಾಗಾದ್ರೆ ಅಲ್ಲೂ ನೋಡ್ತಿದ್ದೆ ಅನ್ನು."

ಆಂಡಾಳಮ್ಮನ ಗಂಡ ಅನಂತಸ್ವಾಮಿಗಳು ಶಾಲೆಯ ಮೇಷ್ಟರು. ಎಲೆಯ ಮುಂದೆ ಕೂತವರು, ಇವತ್ತಿನ ಹುಗ್ಗಿ ಸಪ್ಪೆಯಾಗಿದೆ, ರುಚಿ ನೋಡಿದವಳು ಇನ್ನಷ್ಟು ಉಪ್ಪು ಹಾಕುತ್ತಿರಲಿಲ್ಲವೇ ಎಂದು ಕೇಳಿದರು. ಹೆಂಡತಿ ದುರುಗುಟ್ಟಿ ನೋಡಿದ ಮೇಲೆ ತಲೆ ತಗ್ಗಿಸಿ ಊಟ ಮುಂದುವರಿಸಿದರು.

ಮಾರನೆಯ ದಿನದಿಂದ ಯದುಗಿರಿಗೆ ಒಲೆಯ ಬಳಿ ಜಾಗವಿರಲಿಲ್ಲ. ಪಕ್ಕದ ಮನೆಯ ಕಾಂತಮ್ಮ ಯಾಕೆಂದು ಕೇಳಿದಾಗ ಆಂಡಾಳಮ್ಮ ಕಾರಣವನ್ನೂ ಹೇಳಿಬಿಟ್ಟರು. ಮಧ್ಯಾಹ್ನದೊಳಗೆ ಮಾತು ಬೀದಿಯ ಕೊನೆ ಮುಟ್ಟಿತು. ಯದುಗಿರಿ ಬಾವಿಗೆ ಹೋಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳತೊಡಗಿದಳು. ಸಂಜೆ ಅತ್ತೆಯ ಬಳಿ ಬಂದು ನಿಂತಳು.

"ಹುಗ್ಗಿ ಯಾರು ಬೇಕಾದ್ರೂ ಮಾಡ್ಲಿ ಅಮ್ಮ. ನಾನು ಸುಳ್ಳು ಹೇಳಿದೆ ಅಂತ ಮಾತ್ರ ಅನ್ಕೋಬೇಡಿ."

ಆಂಡಾಳಮ್ಮ ದೇವರ ದೀಪ ಹಚ್ಚಲು ಎದ್ದು ಹೋದರು. ಜಡೆ ಹೆಣೆಯುವುದೂ ನಿಂತಿತು.

ಅನಂತಸ್ವಾಮಿಗಳು ಸದ್ದಿಲ್ಲದೆ ಮಗನಿಗೊಂದು ಕಾರ್ಡು ಬರೆದರು. ಅರಸೀಕೆರೆಯಲ್ಲಿ ಗುಮಾಸ್ತನಾಗಿದ್ದ ಯದುಗಿರಿಯ ಗಂಡ ಗೋಪಾಲಸ್ವಾಮಿ ಶನಿವಾರ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದ. ಜೇಬಿನಲ್ಲಿ ಔಷಧಿ ಅಂಗಡಿಯಿಂದ ತಂದ ಮುಲಾಮಿನ ಟ್ಯೂಬಿತ್ತು. ಇದು ಶೀತ, ಜ್ವರ, ಒಣಗಾಳಿಗೆ ಏಳುವ ಗುಳ್ಳೆ, ಪಾಪದ ಗುಳ್ಳೆಯಲ್ಲ ಎಂದು ಅಂಗಡಿಯವರು ಹೇಳಿದ್ದರಂತೆ. ಮುಲಾಮು ಉರಿ ತಗ್ಗಿಸಿ ಚರ್ಮ ಬಿರಿಯದಂತೆ ನೋಡಿಕೊಳ್ಳುತ್ತದೆ, ಗುಳ್ಳೆ ಹತ್ತು ದಿನಕ್ಕೆ ತಾನಾಗಿಯೇ ಮಾಯುತ್ತದೆ. ಅಂಟುವ ಜಾತಿಯದು, ಹಚ್ಚಿದ ಕೈ ತೊಳೆಯಬೇಕು, ಅಲ್ಲಿಯವರೆಗೆ ಲೋಟ, ಟವೆಲು ಬೇರೆಯಿರಲಿ ಎಂದಿದ್ದರು.

ಯಾವ ಪ್ರಾಣಿಯ ಕೊಬ್ಬೋ ಏನೋ, ಅದು ಒಳಗೆ ಬರುವಂತಿಲ್ಲ ಎಂದರು ಆಂಡಾಳಮ್ಮ. ಟ್ಯೂಬು ಜಗುಲಿಯ ಗೂಡು ಸೇರಿತು. ಯದುಗಿರಿ ಅಲ್ಲೇ ನಿಂತು ಹಚ್ಚಿಕೊಂಡಳು. ಮುಂದಿನ ವಾರದ ಹೊತ್ತಿಗೆ ತುಟಿ ವಾಸಿಯಾಯಿತು. ದೇವರು ಕ್ಷಮಿಸಿದ ಎಂದುಕೊಂಡರು ಅತ್ತೆ.

ಅಷ್ಟರಲ್ಲಿ ಮತ್ತೆ ಹುಗ್ಗಿ ಮಾಡಲು ನಿಂತಿದ್ದ ಆಂಡಾಳಮ್ಮನಿಗೆ ನಸುಕಿನ ಮಡಿಯ ತಣ್ಣೀರು ಸ್ನಾನ ಒಗ್ಗದೆ ಎರಡು ದಿನ ಜ್ವರ ಬಂತು. ಮೂರನೆಯ ದಿನ ತುಟಿ ಚುರುಚುರು ಎಂದಿತು. ಕನ್ನಡಿ ಹಿಡಿದು ನೋಡಿಕೊಂಡರು. ಅವೇ ಗುಳ್ಳೆಗಳು.

ತಾವು ಒಂದು ದಿನವೂ ರುಚಿ ನೋಡಿದವರಲ್ಲ. ಅದು ಅವರಿಗೆ ತಮ್ಮ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು. ಹಾಗಾದರೆ ಆ ಹುಡುಗಿ? ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾವಿಗೆ ಹೋಗುತ್ತಿದ್ದವಳು ನೆನಪಾಗಿ ಆಕೆಗೆ ಬಹಳ ನಾಚಿಕೆಯಾಯಿತು.

"ಯದು, ಆ ಮುಲಾಮು ಒಳಗೆ ತಗೊಂಡು ಬಾ" ಎಂದು ಕರೆದರು.

ಯದುಗಿರಿ ತಂದುಕೊಟ್ಟಳು, ಕೈ ತೊಳೆಯಲು ನೀರನ್ನೂ ಇಟ್ಟಳು. ಅತ್ತೆಯ ತುಟಿ ನೋಡಿಯೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಆಂಡಾಳಮ್ಮನಿಗೆ.

"ನಾಳೆ ಹುಗ್ಗಿ ನೀನೇ ಮಾಡು" ಎಂದರು.

ಮಾರನೆಯ ಬೆಳಿಗ್ಗೆ ಕಾಂತಮ್ಮ ಪ್ರಸಾದಕ್ಕೆಂದು ಬಟ್ಟಲು ಹಿಡಿದು ಬಂದರು. ಆಂಡಾಳಮ್ಮ ತುಟಿಯ ಮೇಲೆ ಬೆಳ್ಳಗೆ ಮುಲಾಮು ಮೆತ್ತಿಕೊಂಡೇ ಬಾಗಿಲಿಗೆ ಬಂದರು.

"ಇದೇನ್ರೀ, ನೀವೂ ರುಚಿ ನೋಡಿದ್ರಾ?" ಕಾಂತಮ್ಮ ನಕ್ಕರು.

"ನಾನು ನೋಡಲಿಲ್ಲ ಕಾಂತಮ್ಮ. ಅವಳೂ ನೋಡಿರಲಿಲ್ಲ. ಇಲ್ಲದ್ದು ಹೇಳಿದವಳು ನಾನು. ಅದನ್ನ ಬೀದಿಗೆಲ್ಲ ಹೇಳಿದ್ರಲ್ಲ, ಇದನ್ನೂ ಹೇಳಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಯದುಗಿರಿ ಬಡಿಸಲು ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

ಅಂದಿನ ಹುಗ್ಗಿಗೆ ಉಪ್ಪು ಮುಂದಾಗಿತ್ತು. ಅನಂತಸ್ವಾಮಿಗಳು ಒಂದು ತುತ್ತು ತಿಂದು ಹೆಂಡತಿಯ ಕಡೆ ನೋಡಿದರು. ಉಪ್ಪು ತಗಲಿ ತುಟಿ ಉರಿಯುತ್ತಿದ್ದರೂ ಆಂಡಾಳಮ್ಮ ಎಲೆಯನ್ನು ಮುಂದಕ್ಕೆ ಸರಿಸಿದರು.

"ಇನ್ನೊಂದು ಸೌಟು ಹಾಕು. ಆಮೇಲೆ ಬಾಚಣಿಗೆ ತಗೊಂಡು ಬಾ, ಜಡೆ ಹಾಕ್ತೀನಿ."