ಗಟ್ಟಿ ರಕ್ತದ ಕ್ರೇನಕ್ಕ

ಕೆಲಸದ ದಿನ ಕ್ರೇನಕ್ಕ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಕಟ್ಟುತ್ತಿರುವ ಕಟ್ಟಡಕ್ಕಿಂತ ಎತ್ತರದಲ್ಲಿ, ಏಣಿ ಹತ್ತಿ ಹೋಗಿ ಕೂರುವ ಕ್ರೇನಿನ ಕ್ಯಾಬಿನ್ನಿಗೆ ಶೌಚಾಲಯ ಎಲ್ಲಿಂದ ಬರಬೇಕು? ಗಂಡಸರು ಬಾಟಲಿಯಲ್ಲಿ ಪೂರೈಸುತ್ತಾರೆ. ಇವಳು ಗಂಟಲು ಒಣಗಿಸಿಕೊಂಡು ಕೂರುತ್ತಾಳೆ. ನಡುವೆ ಇಳಿದರೆ ಕೆಲಸ ನಿಲ್ಲುತ್ತದೆ. ನಿಂತರೆ, ಹೆಂಗಸನ್ನು ಮೇಲೆ ಕೂರಿಸಿದ್ದೇ ತಪ್ಪು ಎಂದು ಎಂಜಿನಿಯರ್ ರಾಗ ಎಳೆಯುತ್ತಾನೆ.

ಬೇರೆಯವರಿಗಾದರೆ ಹೇಗೋ ನಡೆದುಹೋಗುತ್ತಿತ್ತು. ಇವಳ ಮೂಳೆಯ ಮಜ್ಜೆ ಬೇಕಾದ್ದಕ್ಕಿಂತ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ರಕ್ತ ಮಂದವಾಗುತ್ತದೆ. ಆಗಾಗ ಆಸ್ಪತ್ರೆಗೆ ಹೋಗಿ ಒಂದು ಚೀಲ ರಕ್ತ ತೆಗೆಸಬೇಕು.

"ನೀರು ಚೆನ್ನಾಗಿ ಕುಡೀರಿ, ಒಂದೇ ಕಡೆ ಕೂತಿರಬೇಡಿ," ಎಂದಿದ್ದರು ಡಾಕ್ಟರಮ್ಮ. "ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಕಾಲು ಊದಿದ್ರೆ ಅವತ್ತೇ ಬನ್ನಿ. ತಿಕ್ಕಬೇಡಿ. ಏನು ಕೆಲಸ ಮಾಡ್ತೀರಿ?"

"ಹೊಲಿಗೆ," ಎಂದಿದ್ದಳು ಕ್ರೇನಕ್ಕ.

ಸೈಟಿನಲ್ಲಿ ಬೇರೆ ಸುಳ್ಳು. ರಜೆ ಹಾಕಿದ ದಿನ ರಕ್ತದಾನಕ್ಕೆ ಹೋಗಿದ್ದೆ ಎನ್ನುತ್ತಿದ್ದಳು. ಆ ಚೀಲವನ್ನು ಯಾರಿಗೂ ಏರಿಸದೆ ಎಸೆಯುತ್ತಾರೆಂದು ಅವಳಿಗೆ ಗೊತ್ತು. ಕೆಳಗೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುವ ಸಿಗ್ನಲಣ್ಣ ಮಾತ್ರ ಅವಳ ಕೆಂಪು ಮುಖ ನೋಡಿ, "ಎಷ್ಟು ದಾನ ಮಾಡಿದ್ರೂ ನಮ್ಮಕ್ಕನ ಟ್ಯಾಂಕು ಫುಲ್ಲು," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಈ ಸಲ ಕೆಲಸ ಜೋರಿತ್ತೆಂದು ಅವಳು ಆಸ್ಪತ್ರೆ ತಪ್ಪಿಸಿದ್ದಳು. ಅಂದು ಎದ್ದಾಗಲೇ ಎಡಗಾಲಿನ ಮೀನಖಂಡ ಊದಿ ಬಿಗಿದಿತ್ತು. ಆದರೂ ಏಣಿ ಹತ್ತಿದಳು.

ಮಧ್ಯಾಹ್ನ, ಕಬ್ಬಿಣದ ಸರಳಿನ ಕಟ್ಟು ಗಾಳಿಯಲ್ಲಿರುವಾಗಲೇ ಎದೆಯ ಬಲಗಡೆ ಚುಚ್ಚಿತು. ಎಳೆದ ಉಸಿರು ಅರ್ಧಕ್ಕೇ ನಿಂತಿತು.

"ಏನಕ್ಕ, ತೂಕಡಿಕೆನಾ?" ಸಿಗ್ನಲಣ್ಣನ ದನಿ. "ಕಟ್ಟು ಅಲ್ಲೇ ನೇತಾಡ್ತಿದೆ."

"ಜನಾನ ಸರಿಸು. ಇಳಿಸ್ತೀನಿ."

ಅವಳು ಕಟ್ಟನ್ನು ಇಂಚಿಂಚಾಗಿ ನೆಲಕ್ಕೆ ತಂದಳು. ಕೊಕ್ಕೆ ಸಡಿಲವಾದ ಮೇಲೆಯೇ ಬಾಯಿಬಿಟ್ಟಳು. "ಕಾಲು ಊದಿದೆ ಕಣೋ. ಉಸಿರು ಸಿಗ್ತಿಲ್ಲ."

"ಕೂತೂ ಕೂತೂ ಹಿಡ್ಕೊಂಡಿರುತ್ತೆ. ಚೆನ್ನಾಗಿ ತಿಕ್ಕಿ, ಮೆಲ್ಲಗೆ ಇಳಿದು ಬಾರಕ್ಕ. ಟೀ ತರಿಸಿಡ್ತೀನಿ."

ಅವನ ತಪ್ಪೇನಿದೆ? ಅವನಿಗೆ ಗೊತ್ತಿದ್ದದ್ದು ಗಟ್ಟಿಮುಟ್ಟಾದ ಅಕ್ಕ. ಅಷ್ಟುದ್ದದ ಏಣಿ ಇಳಿಯಲು ಹೋದರೆ ನಡುವೆಯೇ ಕೈ ಬಿಡುವುದು ಖಚಿತ. ನಿಜ ಹೇಳಿದರೆ ಎಂಜಿನಿಯರ್ ಕೇಳಿಸಿಕೊಳ್ಳುತ್ತಾನೆ. ಇಡೀ ಸೈಟಿಗೆ ಇರುವುದು ಒಂದೇ ಚಾನೆಲ್. ಆದರೂ ವಾಕಿಟಾಕಿಯ ಬಟನ್ ಒತ್ತಿದಳು.

"ತಿಕ್ಕಬಾರದು. ಇಳಿಯೋಕೂ ಆಗಲ್ಲ. ನನಗೆ ರಕ್ತದ ಕಾಯಿಲೆ ಇದೆ, ಹೆಪ್ಪುಗಟ್ಟುತ್ತೆ. ಈಗ ಎದೆಗೆ ಬಂದಿದೆ ಅನ್ಸುತ್ತೆ. ಸ್ಟ್ರೆಚರ್ ಕಳಿಸಿ. ದಾನ ಗೀನ ಎಲ್ಲಾ ಸುಳ್ಳು."

ಎಂಜಿನಿಯರ್ ದನಿ ಬಂತು. "ಎಷ್ಟು ವರ್ಷದಿಂದ?"

"ಇಲ್ಲಿಗೆ ಸೇರೋಕೆ ಮುಂಚಿನಿಂದ."

"ಸಾರ್, ಅದನ್ನ ಆಮೇಲೆ ಕೇಳಿ," ಎಂದು ಸಿಗ್ನಲಣ್ಣ ನಡುವೆ ಬಾಯಿ ಹಾಕಿದ. "ಆಂಬುಲೆನ್ಸಿಗೆ ಫೋನ್ ಮಾಡಿ ಮೊದಲು."

"ಮಾಡಿಸ್ತಿದ್ದೀನಿ. ನೀನು ಅಲ್ಲಿ ಏನನ್ನೂ ಮುಟ್ಟಬೇಡ ಇನ್ನು," ಎಂದ ಎಂಜಿನಿಯರ್, ಅವಳಿಗೆ.

ಕೆಳಗೆ ಹಳದಿ ಹೆಲ್ಮೆಟ್ಟುಗಳು ಏಣಿಯ ಬುಡಕ್ಕೆ ಓಡುತ್ತಿದ್ದವು. ಅವಳ ಬಲಗೈ ಇನ್ನೂ ಕ್ರೇನ್ ನಡೆಸುವ ಹಿಡಿಕೆಯ ಮೇಲಿತ್ತು. ನೋಡಿದಳು. ತೆಗೆದು ಮಡಿಲಲ್ಲಿಟ್ಟುಕೊಂಡಳು.