ಲಕ್ಕಿ ಕೋಲಿನ ಸಾಲು

ಹಿರಿಯೂರಿನ ಪುರಸಭೆ ಪಾರ್ಕಿನ ಮೂಡಣ ಅಂಚಿನಲ್ಲಿ ಏಳು ಗೂಟ ಎದ್ದಿದ್ದವು. ತೋಟದ ಮಾಲಿ ಬಡೇಸಾಬ ಎರಡು ಸಲ ಎಣಿಸಿದ. ಹೋದ ವಾರ ಆರೇ ಇದ್ದವು.

ಗೂಟಗಳಿಂದ ಹತ್ತು ಮಾರು ಆಚೆಗೆ ಮುದ್ದಕ್ಕನ ಮನೆ. ಪಾರ್ಕಿಗೆ ಮೂರು ಕಡೆ ಗೋಡೆ ಎಬ್ಬಿಸಿದ್ದ ಪುರಸಭೆ ನಾಲ್ಕನೆಯ ಕಡೆ ಕೈ ಬಿಟ್ಟಿತ್ತು. ಅಲ್ಲಿ ಹಳೆಯ ಲಕ್ಕಿ ಮರಗಳ ಸಾಲೇ ಗಡಿ. ಈ ಗೂಟಗಳು ಆ ಸಾಲಿನಿಂದ ಮೂರು ಮೊಳ ಈಚೆಗೆ, ಪಾರ್ಕಿನ ನೆಲದಲ್ಲೇ ನಿಂತಿದ್ದವು.

ಅದು ಎಪ್ಪತ್ನಾಲ್ಕನೇ ಇಸವಿ. ಬಡೇಸಾಬ ಐದು ವರ್ಷದಿಂದ ದಿನಗೂಲಿ. ಈ ಸಲವಾದರೂ ಕೆಲಸ ಕಾಯಂ ಆಗುತ್ತದೆಂದು ಕಾದಿದ್ದ. ಹೊಸದಾಗಿ ಬಂದಿದ್ದ ಓವರ್‌ಸಿಯರ್ ನಾಗರಾಜಪ್ಪ ಅವನನ್ನು ಕರೆದು, ಪಾರ್ಕಿನ ಒಂದು ಗೇಣು ಜಾಗ ಒತ್ತುವರಿಯಾಗಿದ್ದರೂ ಕಾಯಂ ಮಾತು ಹಾಗಿರಲಿ, ಇರುವ ಕೂಲಿಯೂ ಹೋಗುತ್ತದೆ ಎಂದು ಹೇಳಿದ್ದ. ಸೋಮವಾರ ಬಂದು ನೋಡುವವನಿದ್ದ.

ಮುದ್ದಕ್ಕನ ಮನೆಯ ಕಸುಬು ಊರಿಗೆಲ್ಲ ಗೊತ್ತು. ಅವಳ ಮಾವ ಯತ್ತಪ್ಪ ಕುರಿ ಕಾಯುವವನು. ಮುರಿದ ಕುರಿ ಕಾಲಿಗೆ ಕಟ್ಟು ಹಾಕುತ್ತಿದ್ದವನು ಮನುಷ್ಯರಿಗೂ ಹಾಕಿದ, ಆಮೇಲೆ ಲಕ್ವ ಹೊಡೆದವರನ್ನು ಮನೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡತೊಡಗಿದ. ಅವನ ನಂತರ ಮುದ್ದಕ್ಕ, ಅವಳ ಮಗ ಓಬಯ್ಯ, ಸೊಸೆ ನಾಗಕ್ಕ ಅದನ್ನೇ ಹಿಡಿದರು. ಶ್ರೀರಾಂಪುರ, ಹೊಳಲ್ಕೆರೆಯಿಂದೆಲ್ಲ ಜನರನ್ನು ಎತ್ತಿಕೊಂಡು ಬಂದು ಆ ಪಡಸಾಲೆಯಲ್ಲಿ ಮಲಗಿಸುತ್ತಿದ್ದರು. ಎರಡು ಮೂರು ತಿಂಗಳು ಎಣ್ಣೆ ತಿಕ್ಕಿ, ಲಕ್ಕಿಸೊಪ್ಪಿನ ಶಾಖ ಕೊಟ್ಟು, ಉಣಿಸಿ, ತೊಳೆದು, ಕೊನೆಗೆ ನಡೆಸಿ ಕಳಿಸುವುದು ಅವರ ಕೆಲಸ.

ಪಾರ್ಕಿನ ಜಾಗ ಹಿಂದೆ ಯತ್ತಪ್ಪನ ಕುರಿಹಟ್ಟಿಯಾಗಿತ್ತು. ನೆಲ ಸರ್ಕಾರದ್ದು, ಕುರಿ ಅವನವು. ಅರವತ್ತೊಂಬತ್ತರಲ್ಲಿ ಪುರಸಭೆಯವರು ಅದನ್ನು ಸಮ ಮಾಡಿ ಜೋಕಾಲಿ ಹಾಕಿಸಿದಾಗ ಮುದ್ದಕ್ಕ ಒಂದು ಮಾತೂ ಆಡಲಿಲ್ಲ. ಬಡೇಸಾಬನಿಗೆ ಜೀರ್ಣವಾಗದಿದ್ದುದು ಅದೇ. ಹಟ್ಟಿ ಕಳಕೊಂಡವರು ಬಾಯಿ ಮುಚ್ಚಿಕೊಂಡಿದ್ದಾರೆ ಅಂದರೆ ಒಳಗೆ ಏನೋ ಬೇಯುತ್ತಿದೆ ಅಂತಲೇ ಲೆಕ್ಕ.

ಓಬಯ್ಯ ಬೆಳಿಗ್ಗೆ ಬೆಳಿಗ್ಗೆ ಪಾರ್ಕಿನಲ್ಲಿ ರೋಗಿಯೊಬ್ಬನ ಪಕ್ಕ ನಡೆಯುತ್ತ ಗಟ್ಟಿಯಾಗಿ ಹೆಜ್ಜೆ ಎಣಿಸುವುದನ್ನೂ ಅವನು ಕೇಳಿದ್ದ. ರೋಗಿ ನೆವ, ಅಳೆಯುತ್ತಿರುವುದು ಜಾಗ ಎಂದು ತೀರ್ಮಾನಿಸಿಬಿಟ್ಟ.

ಶುಕ್ರವಾರ ಬೆಳಕು ಹರಿಯುವ ಮುಂಚೆ ನೀರಿನ ತೊಟ್ಟಿಯ ಹಿಂದೆ ಕೂತ. ಓಬಯ್ಯ ಹಾರೆ ಹಿಡಿದು ಬಂದ. ಜೊತೆಗೆ ಯುಗಾದಿಯಿಂದ ಅವರ ಮನೆಯಲ್ಲಿದ್ದ ಶ್ರೀರಾಂಪುರದ ಮೂರ್ತಪ್ಪ. ಓಬಯ್ಯ ಗುಂಡಿ ತೋಡಿದ, ಮೂರ್ತಪ್ಪ ತನ್ನ ಕೈಯ ಕೋಲನ್ನು ಅದರಲ್ಲಿ ನಿಲ್ಲಿಸಿ ಮಣ್ಣು ತುಳಿದ. ಆಮೇಲೆ ಬರಿಗೈಯಲ್ಲಿ, ಹಿಂದೆ ತಿರುಗಿ ಸಹ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಪರವೂರಿನವನ ಕೈಲಿ ನೆಡಿಸಿದರೆ ನಾಳೆ ಕೇಳಿದಾಗ ‘ನಮಗೇನು ಗೊತ್ತು’ ಅನ್ನಬಹುದಲ್ಲ. ಬಡೇಸಾಬನ ನೆತ್ತಿಗೆ ಬೆಂಕಿ ಬಿತ್ತು. ಓಬಯ್ಯ ಮರೆಯಾದದ್ದೇ ತಡ, ಎಂಟನ್ನೂ ಕಿತ್ತು ಹಾಕಿದ. ಎರಡಕ್ಕೆ ಬಿಳಿ ಬೇರು ಬಂದಿತ್ತು. ಪುರಸಭೆಗೆ ಹೋಗಿ ಅರ್ಜಿಯನ್ನೂ ಬರೆಸಿ ಕೊಟ್ಟ: ಲಕ್ಕಿ ಗಿಡ ನೆಟ್ಟು ಒತ್ತುವರಿ ನಡೆಸಿದ್ದಾರೆ, ಮುದ್ದಕ್ಕನ ಮನೆಯವರು ನೆಟ್ಟಿದ್ದನ್ನೆಲ್ಲ ತೆಗೆಸಬೇಕು.

ಮಧ್ಯಾಹ್ನ ಮುದ್ದಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು.

“ಸಾಬಣ್ಣ, ಇಲ್ಲಿದ್ದ ಕೋಲು ಯಾರು ಕಿತ್ರು?”

“ನಾನೇ ಕಿತ್ತೆ. ಪಾರ್ಕು ನಿಮ್ಮಪ್ಪಂದಾ?”

“ನಮ್ಮಪ್ಪಂದಲ್ಲ, ನಮ್ಮ ಮಾವನ ಹಟ್ಟಿ. ಅದು ಹೋತು, ಬಿಡು. ಮೂರ್ತಪ್ಪ ಇನ್ನೂ ಊರು ಮುಟ್ಟಿಲ್ಲ, ಅವನ ಕೋಲು ಕಿತ್ತೀಯಲ್ಲ.”

ಅವಳು ನಿಂತಲ್ಲೇ ಹೇಳಿದಳು. ಲಕ್ವ ವಾಸಿಯಾದವನು ಕೋಲನ್ನು ಮನೆಗೆ ಒಯ್ಯಬಾರದು, ಒಯ್ದರೆ ರೋಗವೂ ಬೆನ್ನು ಹತ್ತುತ್ತದೆ. ಇದು ಯತ್ತಪ್ಪ ಇಟ್ಟ ಕಟ್ಟಳೆ. ಕೊನೆಯ ವಾರ ಹಸಿ ಲಕ್ಕಿ ಕೋಲು ಕೊಡುತ್ತಾರೆ. ಆಸರೆಯಿಲ್ಲದೆ ನಲವತ್ತು ಹೆಜ್ಜೆ ಹಾಕಿದ ಮರುದಿನ ಅದನ್ನು ಅವನ ಕೈಯಿಂದಲೇ ನೆಡಿಸಿ ಕಳಿಸುತ್ತಾರೆ. ಒಣಗುವವು ಒಣಗುತ್ತವೆ, ಚಿಗುರುವವು ಚಿಗುರುತ್ತವೆ. ಹಳೆಯ ಸಾಲಿನಲ್ಲಿ ಜಾಗವಿಲ್ಲದೆ ಈಗ ಈಚೆಗೆ ಬಂದಿದ್ದರು.

“ಹಳೇ ಸಾಲು ಅಂದ್ರೆ?” ಬಡೇಸಾಬನ ದನಿ ಇಳಿಯಿತು.

“ನೀನು ಐದು ವರ್ಷದಿಂದ ನೀರು ಹೊಯ್ತಿದೀಯಲ್ಲ, ಅದೇ. ಆ ತುದೀದು ಹೊಸದುರ್ಗದ ಶಾನುಭೋಗ್ರದು. ಬೆಂಚಿನ ಹಿಂದ್ಲದು ನಮ್ಮತ್ತೇದು.”

“ಮೊದ್ಲೇ ಹೇಳಾಕೆ ಏನಾಗಿತ್ತು?”

“ಕೇಳಾಕೆ ನಿಂಗೇನಾಗಿತ್ತು?”

ಅವಳು ಹೋದ ಮೇಲೂ ಬಡೇಸಾಬ ಆ ಮಾತಿನಲ್ಲಿ ತೂತು ಹುಡುಕಿದ. ಸಿಗಲಿಲ್ಲ. ಆಗ ನೆನಪಾಯಿತು ಅರ್ಜಿ. ‘ನೆಟ್ಟಿದ್ದನ್ನೆಲ್ಲ’ ಎಂದು ಬರೆಸಿದ್ದ.

ಸೋಮವಾರ ನಾಗರಾಜಪ್ಪ ಅರ್ಜಿಯ ಜೊತೆಗೆ ಕೊಡಲಿ ಹಿಡಿದ ಇಬ್ಬರನ್ನೂ ಕರೆತಂದ. ಮುದ್ದಕ್ಕನ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಲಕ್ಕಿ ಸಾಲನ್ನು ತೋರಿಸಿ, ಇದನ್ನು ಅವರೇ ನೆಟ್ಟಿದ್ದರೆ ಈಗಲೇ ಕಡಿಸುತ್ತೇನೆ, ಅರ್ಜಿ ಸುಳ್ಳಾಗಿದ್ದರೆ ನಿನ್ನ ಹೆಸರು ಪಟ್ಟಿಯಿಂದ ಹೊಡೆಯುತ್ತೇನೆ ಎಂದ ನಾಗರಾಜಪ್ಪ.

“ಅವ್ರು ನೆಟ್ಟಿದ್ದು ಎಂಟೇ ಸ್ವಾಮಿ, ಕಿತ್ತು ಹಾಕೀನಿ,” ಎಂದ ಬಡೇಸಾಬ. “ಈ ಸಾಲು ನಾನು ನೆಟ್ಟಿದ್ದು.”

“ಐದು ವರ್ಷಕ್ಕೆ ಇಷ್ಟು ದಪ್ಪ ಬಂದ್ವೇನಯ್ಯ?”

“ನೀರು ಹಾಕಿದ್ರೆ ಬರ್ತಾವೆ ಸ್ವಾಮಿ.”

ನಾಗರಾಜಪ್ಪ ಮರಗಳನ್ನೂ ಅವನನ್ನೂ ಒಂದು ಸಲ ನೋಡಿ, ಹಾಗೆಯೇ ಬರೆದುಕೊಂಡ. ಸಾಲಿನ ನೆರಳು ಚೆನ್ನಾಗಿದೆ ಎಂದು ಹೊಗಳಿದ. ಕೊಡಲಿಯವರು ಬೀಡಿ ಹಚ್ಚಿಕೊಂಡು ಹೊರಟರು.

ಮುದ್ದಕ್ಕನಿಗೆ ಎಲ್ಲವೂ ಕೇಳಿಸಿತ್ತು. ನೆಟ್ಟಗೆ ಅವನ ಮುಂದೆ ಬಂದು ನಿಂತಳು. “ಹಟ್ಟಿ ಸರ್ಕಾರ ತಗಂತು. ಮರ ನೀನು ತಗಂಡೆ.”

ಉಳಿಸಲಿಕ್ಕೇ ಸುಳ್ಳು ಹೇಳಿದೆ ಅನ್ನಬಹುದಿತ್ತು. ಆದರೆ ನಾಗರಾಜಪ್ಪ ಇನ್ನೂ ಗೇಟಿನಲ್ಲಿ ಸೈಕಲ್ ಹತ್ತುತ್ತಿದ್ದ. ಕಾಯಂ ಆರ್ಡರು ಕೈಗೆ ಬರುವವರೆಗೆ ಆ ಮಾತು ಬಾಯಿಂದ ಬೀಳುವಂತಿರಲಿಲ್ಲ. ಬಡೇಸಾಬ ಅವಳ ಮೇಲೆಯೇ ರೇಗಿದ. ಕೆಲಸ ನೋಡಿಕೋ ಹೋಗು ಅಂದ.

ಆರ್ಡರು ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಓಬಯ್ಯ ರೋಗಿಗಳನ್ನು ಪಾರ್ಕಿಗೆ ತರುವುದನ್ನು ಬಿಟ್ಟು ವೇದಾವತಿಯ ದಂಡೆಗೆ ನಡೆಸಿಕೊಂಡು ಹೋಗುತ್ತಿದ್ದ. ಬಡೇಸಾಬ ಸಾಲಿನ ಒಂದು ಒಣ ರೆಂಬೆ ಕೊಯ್ಯಲು ಕುಡುಗೋಲು ತೆಗೆದರೂ ಸಾಕು, ನಾಗಕ್ಕ ಮೊರ ಹಿಡಿದು ಹೊಸ್ತಿಲಲ್ಲಿ ಕೂರುತ್ತಿದ್ದಳು. ಕೈ ರಾಗಿ ಕೇರುತ್ತಿತ್ತು, ಕಣ್ಣು ಅವನ ಕೈ ಮೇಲಿರುತ್ತಿತ್ತು.

ಆರ್ಡರು ಸಿಕ್ಕ ದಿನ ಅವನು ಒಂದು ಸೇರು ಖರ್ಜೂರ ಕಟ್ಟಿಸಿಕೊಂಡು ಅವರ ಮನೆಗೆ ಹೋದ. ಪಡಸಾಲೆಯಲ್ಲಿ ಓಬಯ್ಯ ಮುದುಕನೊಬ್ಬನ ಕಾಲು ತಿಕ್ಕುತ್ತಿದ್ದ. ಬಡೇಸಾಬ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದ. ತನ್ನ ಜನ್ಮದಲ್ಲೇ ಅವನು ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. ಓಬಯ್ಯ ಎಣ್ಣೆ ಕೈ ನಿಲ್ಲಿಸದೆ ಕೇಳಿಸಿಕೊಂಡ. ಪೊಟ್ಟಣದ ಕಡೆ ನೋಡಿದ.

“ಇನ್ನೇನು ಬೇಕಾಗೈತೆ ಸಾಬಣ್ಣ, ಈ ಮನೆಯಾ?” ಎಂದ.